ಊರಿಗೊಬ್ಬ ಮುಲ್ಲರ್

ಬೆಂಗಳೂರಿನಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೆ ಅದು ಯಾರಾದರೊಬ್ಬ ಸಾಫ್ಟ್‌ವೇರ್ ಇಂಜಿನಿಯರ್ ತಲೆ ಮೇಲೇ ಬೀಳುತ್ತೆ ಅನ್ನೋ ಹಳೇ ಜೋಕು ನಿಮಗೆಲ್ಲ ಗೊತ್ತು. ಅದೇ ಕಲ್ಲನ್ನು ಜರ್ಮನಿಯಲ್ಲಿ ಎಸೆದರೆ ಒಬ್ಬ ಮುಲ್ಲರ್ ತಲೆ ಮೇಲೆ ಬೀಳುತ್ತೆ. ಅಲ್ಲಿ ಅತಿ ಹೆಚ್ಚು ಜನಕ್ಕೆ ಇರುವ ಸರ್‌ನೇಮ್ ಅದು. ಪಕ್ಕದ ಸ್ವಿಟ್ಜರ್ಲೆಂಡಿನಲ್ಲೂ ಅದಕ್ಕೇ ಮೊದಲ ಸ್ಥಾನ. ಅವರ ಬಾಯಲ್ಲಿ ಅದು ಸರಿಯಾಗಿ 'ಮುಲ್ಲರ್' ಅಲ್ಲ. 'ಉ' ಅನ್ನೋ ಹಾಗೆ ತುಟಿ ಗುಂಡಗೆ ಮಾಡ್ಕೊಂಡು ಒಳಗೆ 'ಇ' ಅಂದರೆ ಬರುವ ಸ್ವರ. ನಮ್ಮ ಕಾಗುಣಿತದಲ್ಲಿ ಅದಕ್ಕೆ ಜಾಗ ಇಲ್ಲ. ಮಂಗಳೂರಿನವರು ಎಷ್ಟೋ ಕಾಲದಿಂದ 'ಫಾದರ್ ಮುಲ್ಲರ್ ಆಸ್ಪತ್ರೆ' ಅಂತಲೇ ಕರೀತಾ ಬಂದಿರೋದರಿಂದ ನಾನೂ ಮುಲ್ಲರ್ ಅಂತಲೇ ಬರೀತೀನಿ.

ನಾನು ಕೆಲಸ ಮಾಡುವ ಪ್ರಾಜೆಕ್ಟಿನ ಕ್ಲೈಂಟ್ ಜರ್ಮನಿಯವರು. ಕಾಲ್‌ನಲ್ಲಿ ಮೂವರು ಮುಲ್ಲರ್‌ಗಳು ಇರ್ತಾರೆ. "ಮುಲ್ಲರ್ ಅಪ್ರೂವ್ ಮಾಡಿದ್ದಾರೆ" ಅಂದರೆ "ಯಾವ ಮುಲ್ಲರ್?" ಅಂತ ಕೇಳಲೇಬೇಕು. ಹಾಗಾಗಿ ನಮ್ಮ ಟೀಮಿನಲ್ಲಿ ಅವರಿಗೆ ನಾವೇ ಹೆಸರಿಟ್ಟಿದ್ದೀವಿ. ಬಿಲ್ಲಿಂಗ್ ಮುಲ್ಲರ್, ಡೇಟಾಬೇಸ್ ಮುಲ್ಲರ್, ಗಡ್ಡದ ಮುಲ್ಲರ್. ಆಮೇಲೆ ಗೊತ್ತಾಯಿತು, ಮುಲ್ಲರ್ ಅನ್ನೋ ಹೆಸರು ಮೊದಲಿಗೆ ಹುಟ್ಟಿದ್ದೂ ಹೀಗೇ ಅಂತ. ಏಳೆಂಟು ನೂರು ವರ್ಷದ ಹಿಂದೆ ಅಲ್ಲಿನ ಊರುಗಳು ಬೆಳೆದು, ಒಂದೊಂದು ಊರಲ್ಲೂ ಹತ್ತಾರು ಜನ ಯೋಹಾನ್‌ಗಳು ಸೇರಿಕೊಂಡಾಗ ಕಂದಾಯ ಬರೆಯುವವನಿಗೆ ತಲೆನೋವು ಶುರುವಾಯಿತು. ಯಾವ ಯೋಹಾನ್? ಗಿರಣಿ ಯೋಹಾನ್. ಮುಲ್ಲರ್ ಅಂದರೆ ಹಿಟ್ಟಿನ ಗಿರಣಿಯವನು, ಅಷ್ಟೇ.

ಜರ್ಮನಿಯ ಬಹಳ ಸಾಮಾನ್ಯ ಸರ್‌ನೇಮ್‌ಗಳ ಪಟ್ಟಿ ತೆಗೆದು ನೋಡಿದರೆ ನಮ್ಮೂರಿನ ಸಂತೆಯೊಳಗೆ ಹೊಕ್ಕ ಹಾಗಾಗುತ್ತೆ. ಶ್ಮಿಟ್ ಅಂದರೆ ಕಮ್ಮಾರ. ಶ್ನೈಡರ್ ಅಂದರೆ ಸಿಂಪಿಗ. ಫಿಶರ್ ಅಂದರೆ ಮೀನು ಹಿಡಿಯುವವ. ವೇಬರ್ ಅಂದರೆ ನೇಕಾರ. ವಾಗ್ನರ್ ಅಂದರೆ ಬಂಡಿ ಮಾಡುವವ. ಬೆಕರ್ ಅಂದರೆ ಬ್ರೆಡ್ ಸುಡುವವ. ಶುಲ್ಟ್ಸ್ ಅಂದರೆ ಹೆಚ್ಚೂಕಡಿಮೆ ನಮ್ಮ ಊರಗೌಡ, ಕಂದಾಯ ಎತ್ತಿಸುತ್ತಿದ್ದವನು. ಇಡೀ ಹಳ್ಳಿ ಟೆಲಿಫೋನ್ ಡೈರೆಕ್ಟರಿಯೊಳಗೆ ಬಂದು ಕೂತಿದೆ. ಫಾರ್ಮುಲಾ ವನ್ ನೋಡುತ್ತಿದ್ದವರೆಲ್ಲ ಬಾಯ್ತುಂಬ ಹೇಳುತ್ತಿದ್ದ ಶುಮಾಕರ್ ಅನ್ನೋ ಹೆಸರಿನ ಅರ್ಥ ಬೂಟು ಹೊಲಿಯುವವ ಅಂತ. ಹೆಸರು ಕೇಳಿದ ತಕ್ಷಣ ಅಲ್ಲಿ ಯಾರಿಗೂ ಬೂಟು ನೆನಪಾಗುವುದಿಲ್ಲ.

ಆದರೆ ಒಂದು ಕಾಲದಲ್ಲಿ ಮುಲ್ಲರ್ ಅಂದರೆ ಜನ ಮುಖ ಸಿಂಡರಿಸುತ್ತಿದ್ದರು. ಗಿರಣಿ ಇರುತ್ತಿದ್ದದ್ದು ಊರ ಹೊರಗೆ, ಹಳ್ಳದ ದಂಡೆಗೆ. ಅನೇಕ ಕಡೆ ಗಿರಣಿ ಜಮೀನ್ದಾರನದ್ದು, ರೈತರು ಅಲ್ಲೇ ಬೀಸಿಸಬೇಕು, ಬೇರೆ ಕಡೆ ಹೋಗುವ ಹಾಗಿಲ್ಲ. ಬೀಸಿದ್ದಕ್ಕೆ ಕೂಲಿ ಅಂತ ಹಿಟ್ಟಿನಲ್ಲೇ ಒಂದು ಪಾಲನ್ನು ಗಿರಣಿಯವನು ಮುರಿದುಕೊಳ್ಳುತ್ತಿದ್ದ. ಹಾಕಿದ ಕಾಳಿಗೂ ಬಂದ ಹಿಟ್ಟಿಗೂ ತಾಳೆ ಆಗುತ್ತಿಲ್ಲ ಅಂತ ರೈತರಿಗೆ ಯಾವಾಗಲೂ ಗುಮಾನಿ. ಹೀಗಾಗಿ ಗಿರಣಿಯವ ಅಂದರೆ ಕಳ್ಳ ಅನ್ನೋದು ಗಾದೆಯ ಮಟ್ಟಕ್ಕೆ ಹೋಗಿತ್ತು. ಕೆಲವು ಪ್ರದೇಶಗಳಲ್ಲಿ ಅದನ್ನು ಮರ್ಯಾದೆಯಿಲ್ಲದ ಕಸುಬುಗಳ ಪಟ್ಟಿಗೇ ಸೇರಿಸಿದ್ದರು. ಕುರಿ ಕಾಯುವವರು, ಕ್ಷೌರ ಮಾಡುವವರು, ನಾರುಬಟ್ಟೆ ನೇಯುವವರ ಜೊತೆಗೆ ಗಿರಣಿಯವರೂ ಆ ಪಟ್ಟಿಯಲ್ಲಿ. ಅವರ ಮಕ್ಕಳನ್ನು ಬೇರೆ ಕಸುಬಿನ ಸಂಘಗಳು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. 16ನೇ ಶತಮಾನದಲ್ಲಿ ಸಾಮ್ರಾಜ್ಯದ ಕಾನೂನೇ ಬಂದು ಇವರನ್ನೆಲ್ಲ ದೂರ ಇಡಬಾರದು ಅಂತ ಹೇಳಬೇಕಾಯಿತು. ಕಾನೂನು ಹೇಳಿದ ಮೇಲೂ ಜನ ಕೂಡಲೇ ಕೇಳಲಿಲ್ಲ.

ಇಷ್ಟೆಲ್ಲ ನಾನು ಯಾಕೆ ಹುಡುಕಿಕೊಂಡು ಓದಿದೆ ಅಂದರೆ ನನ್ನ ಅಡ್ಡಹೆಸರು ಗಾಣಿಗೇರ. ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಜ್ಜನ ಕಾಲದ ತನಕ ನಮ್ಮ ಮನೆಯಲ್ಲಿ ಎತ್ತಿನ ಗಾಣ ಇತ್ತು. ಕುಸುಬಿ, ಶೇಂಗಾ ಹಾಕಿ ಎಣ್ಣೆ ತೆಗೆಯುತ್ತಿದ್ದರು. ನಾನು ಹುಟ್ಟುವ ಹೊತ್ತಿಗೆ ಗಾಣ ನಿಂತು ಹೋಗಿತ್ತು. ಅದರ ಕಲ್ಲು ಹಿತ್ತಲಲ್ಲಿ ಬಿದ್ದಿತ್ತು, ಅವ್ವ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಅಪ್ಪ ಕಿರಾಣಿ ಅಂಗಡಿ ಇಟ್ಟರು. ಆ ಅಂಗಡಿಯಲ್ಲಿ ಮಾರುತ್ತಿದ್ದದ್ದು ಪ್ಯಾಕೆಟ್ ಎಣ್ಣೆ.

ಹುಬ್ಬಳ್ಳಿಯಲ್ಲಿ ಬಿಇ ಮುಗಿಸಿ 2010ರಲ್ಲಿ ಬೆಂಗಳೂರಿಗೆ ಬಂದು ಬಾಡಿಗೆ ಮನೆ ಹುಡುಕುತ್ತಿದ್ದೆ. ಒಬ್ಬ ಓನರ್ ಆಫರ್ ಲೆಟರ್ ನೋಡಿದರು, ಅಡ್ವಾನ್ಸ್ ಮಾತಾಡಿದರು, ಎಲ್ಲಾ ಸರಿ ಹೋಯಿತು. ಕೊನೆಗೆ ಅಗ್ರಿಮೆಂಟಿಗೆ ಅಂತ ಪೂರ್ತಿ ಹೆಸರು ಕೇಳಿದರು. ಹೇಳಿದೆ. "ಗಾಣಿಗೇರ ಅಂದ್ರೆ? ನೀವು ಯಾವ ಜನ?" ಅಂದರು. ಹೇಳಿದ್ದಕ್ಕೆ ಮರುದಿನ ಫೋನ್ ಬಂತು, ಮನೆ ಬೇರೆಯವರಿಗೆ ಮಾತಾಗಿದೆ ಅಂತ. ಟು-ಲೆಟ್ ಬೋರ್ಡು ಮೂರು ವಾರ ಅಲ್ಲೇ ನೇತಾಡುತ್ತಿತ್ತು. ನಾನು ದಿನಾ ಅದೇ ರಸ್ತೆಯಲ್ಲಿ ಕಂಪನಿ ಬಸ್ಸಿಗೆ ಹೋಗುತ್ತಿದ್ದೆ.

ಅದೇ ಹೆಸರಿನ ಬಗ್ಗೆ ಗಡ್ಡದ ಮುಲ್ಲರ್ ಒಂದು ಸಲ ಕೇಳಿದ, ನಿನ್ನ ಸರ್‌ನೇಮ್‌ಗೆ ಅರ್ಥ ಇದೆಯಾ ಅಂತ. ಎಣ್ಣೆ ಗಿರಣಿಯವನು ಅಂದೆ. ಅವನಿಗೆ ಬಹಳ ಖುಷಿ. ಅವರ ಭಾಷೆಯಲ್ಲೂ ಎಣ್ಣೆ ತೆಗೆಯುವವನಿಗೆ 'ಓಲ್‌ಮುಲ್ಲರ್' ಅಂತಲೇ ಹೆಸರಂತೆ, ಅದೂ ಸರ್‌ನೇಮ್ ಆಗಿ ಇದೆಯಂತೆ. "ಹಾಗಾದ್ರೆ ನಾವಿಬ್ಬರೂ ಒಂದೇ ಮನೆತನ" ಅಂದ. ನಿಮ್ಮ ಮನೆಯಲ್ಲಿ ಯಾವಾಗ ಗಿರಣಿ ಇತ್ತು ಅಂತ ಕೇಳಿದೆ. ಅವನಿಗೆ ಗೊತ್ತಿರಲಿಲ್ಲ. ಅವನ ಅಜ್ಜ ರೈಲ್ವೆಯಲ್ಲಿದ್ದ, ಅದಕ್ಕಿಂತ ಹಿಂದಿನದ್ದು ಮನೆಯಲ್ಲಿ ಯಾರಿಗೂ ನೆನಪಿಲ್ಲ, ಯಾರೂ ಕೇಳಿಯೂ ಇಲ್ಲವಂತೆ. "ಯಾರೂ ಕೇಳಿಲ್ಲ" ಅನ್ನೋದು ನನ್ನ ತಲೆಯಲ್ಲಿ ಉಳಿಯಿತು. ಒಂದು ಹೆಸರು ಈ ಮಟ್ಟಕ್ಕೆ ಹಗುರ ಆಗೋದು ಹೇಗೆ? ಅಲ್ಲಿಂದ ಮುಲ್ಲರ್‌ಗಳ ಬೆನ್ನು ಹತ್ತಿದೆ.

ಹಳೆಯವರಿಂದ ಶುರು ಮಾಡೋಣ. 1436ರಲ್ಲಿ ಫ್ರಾಂಕೋನಿಯಾ ಪ್ರಾಂತ್ಯದ ಕೋನಿಗ್ಸ್‌ಬರ್ಗ್ ಅನ್ನೋ ಸಣ್ಣ ಊರಿನ ಹತ್ತಿರ ಒಬ್ಬ ಯೋಹಾನೆಸ್ ಮುಲ್ಲರ್ ಹುಟ್ಟಿದ. ಇವನ ಅಪ್ಪ ನಿಜವಾಗಿಯೂ ಗಿರಣಿಯವನೇ. ಮಗ ದೊಡ್ಡ ಖಗೋಳಶಾಸ್ತ್ರಜ್ಞ ಆದ. ನಾವು ಪಿಯುಸಿಯಲ್ಲಿ ಬಾಯಿಪಾಠ ಹೊಡೆದ ತ್ರಿಕೋನಮಿತಿಗೆ ಯುರೋಪಿನಲ್ಲಿ ಒಂದು ಸ್ವತಂತ್ರ ಪುಸ್ತಕ ಬರೆದುಕೊಟ್ಟವನು ಇವನು. ನ್ಯೂರೆಂಬರ್ಗಿನಲ್ಲಿ ತನ್ನದೇ ಪ್ರೆಸ್ ಹಾಕಿ ಗ್ರಹಗಳ ದಿನದಿನದ ಸ್ಥಾನ ಹೇಳುವ ಪಂಚಾಂಗ ಅಚ್ಚು ಹಾಕಿದ. ನಾಲ್ವತ್ತನೇ ವಯಸ್ಸಿಗೆ ರೋಮಿನಲ್ಲಿ ತೀರಿಕೊಂಡ. ಆದರೆ ಪುಸ್ತಕಗಳಲ್ಲಿ ಮುಲ್ಲರ್ ಅಂತ ಹುಡುಕಿದರೆ ಇವನು ಸಿಗೋದು ಕಷ್ಟ. ಜಗತ್ತಿಗೆ ಇವನು ರೆಜಿಯೋಮೊಂಟಾನಸ್. ಕೋನಿಗ್ಸ್‌ಬರ್ಗ್ ಅಂದರೆ ರಾಜನ ಬೆಟ್ಟ, ಅದರ ಲ್ಯಾಟಿನ್ ರೂಪ ಅದು. ಓದಿದವರು ಅಪ್ಪನ ಕಸುಬಿನ ಹೆಸರು ಬಿಟ್ಟು ಲ್ಯಾಟಿನ್ ಹೆಸರಿನಲ್ಲಿ ಓಡಾಡುವುದು ಆಗಿನ ರೂಢಿ. ನಮ್ಮ ಹಳೇ ಮೈಸೂರಿನವರು ಊರ ಹೆಸರನ್ನು ಇನಿಶಿಯಲ್ ಮಾಡಿ ಮುಂದೆ ಇಟ್ಟುಕೊಳ್ಳುವ ಹಾಗೆ.

ಇನ್ನೊಬ್ಬ ನಮ್ಮ ಕಸುಬಿನವನು. ಯೋಹಾನ್ ಹೆಲ್ಫ್ರಿಚ್ ಮುಲ್ಲರ್, ಹೆಸ್ಸೆ ಸಂಸ್ಥಾನದ ಸೈನ್ಯದಲ್ಲಿ ಇಂಜಿನಿಯರ್. 1784ರ ಹೊತ್ತಿಗೆ ಹಲ್ಲುಚಕ್ರಗಳ ಲೆಕ್ಕದ ಯಂತ್ರ ಒಂದನ್ನು ಮಾಡಿ ಮುಗಿಸಿದ. ಎರಡು ವರ್ಷ ಬಿಟ್ಟು, ಗಣಿತದ ಕೋಷ್ಟಕಗಳನ್ನು ತಾನೇ ಲೆಕ್ಕ ಹಾಕಿ ತಾನೇ ಅಚ್ಚು ಮಾಡುವ ಇನ್ನೊಂದು ಯಂತ್ರದ ಐಡಿಯಾ ಮುಂದಿಟ್ಟ. ದುಡ್ಡು ಹಾಕುವವರು ಸಿಗಲಿಲ್ಲ, ಅಲ್ಲಿಗೆ ಮುಗೀತು. ಅದೇ ಬಗೆಯ ಯಂತ್ರವನ್ನು ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಬ್ಯಾಬೇಜ್ 1822ರಲ್ಲಿ ಮುಂದಿಟ್ಟ. ಕಂಪ್ಯೂಟರ್ ಪಾಠದ ಮೊದಲ ಪುಟದಲ್ಲಿ ನಾವು ಓದಿದ್ದು ಬ್ಯಾಬೇಜ್ ಹೆಸರನ್ನು. ಫಂಡಿಂಗ್ ಸಿಗದ ಸ್ಟಾರ್ಟಪ್‌ನವರು ಯಾರಾದರೂ ಓದುತ್ತಿದ್ದರೆ ಈ ಮುಲ್ಲರನ ಫೋಟೋ ಒಂದನ್ನು ಆಫೀಸಿನಲ್ಲಿ ಹಾಕಿಕೊಳ್ಳಬಹುದು.

19ನೇ ಶತಮಾನಕ್ಕೆ ಬಂದರೆ ಒಂದು ತಮಾಷೆ ಕಾಣಿಸುತ್ತೆ. ಬರ್ಲಿನ್ನಿನಲ್ಲಿ ಶರೀರಶಾಸ್ತ್ರದ ದೊಡ್ಡ ಮೇಷ್ಟ್ರು ಯೋಹಾನೆಸ್ ಮುಲ್ಲರ್. ಜೀವಕೋಶಗಳ ಬಗ್ಗೆ ಓದಿದವರಿಗೆ ಗೊತ್ತಿರುವ ಶ್ವಾನ್, ವಿರ್ಚೊ ಇವರೆಲ್ಲ ಆತನ ಶಿಷ್ಯರು. ಈ ಮುಲ್ಲರನ ಅಪ್ಪ ಗಿರಣಿಯವನಲ್ಲ, ಬೂಟು ಹೊಲಿಯುವವನು. ಅದೇ ಕಾಲದ ಇನ್ನೊಬ್ಬ, ಡೆಸಾವ್ ಪಟ್ಟಣದ ಕವಿ ವಿಲ್ಹೆಲ್ಮ್ ಮುಲ್ಲರ್. ಇವನ ಅಪ್ಪ ಸಿಂಪಿಗ. ಈ ಸಿಂಪಿಗನ ಮಗ ಮುಲ್ಲರ್ ಬರೆದದ್ದು ಏನು? ಗಿರಣಿಯವನ ಮಗಳನ್ನು ಪ್ರೀತಿಸಿ, ಅವಳು ಬೇಟೆಗಾರನೊಬ್ಬನನ್ನು ಇಷ್ಟಪಟ್ಟಾಗ ಹಳ್ಳಕ್ಕೆ ಬೀಳುವ ಹುಡುಗನ ಕಥೆ ಹೇಳುವ ಪದ್ಯಗಳು. ಶೂಬರ್ಟ್ 1823ರಲ್ಲಿ ಅದಕ್ಕೆ ಸಂಗೀತ ಹಾಕಿದ, ಇವತ್ತಿಗೂ ಹಾಡುತ್ತಾರೆ. ಗಿರಣಿಯ ಹಿಟ್ಟು ಮೈಗೆ ಮೆತ್ತಿಕೊಳ್ಳದ ಮುಲ್ಲರ್‌ಗೆ ಗಿರಣಿ ಅನ್ನೋದು ಒಂದು ಚೆಂದದ ಕವಿತೆಯ ವಸ್ತು ಆಗಿತ್ತು. ಅಂದರೆ ಅಷ್ಟು ಹೊತ್ತಿಗಾಗಲೇ ಹೆಸರು ಒಂದು ದಾರಿ, ಕಸುಬು ಒಂದು ದಾರಿ ಹಿಡಿದಿದ್ದವು.

ಆ ಕವಿಯ ಮಗ ನಮಗೆಲ್ಲ ಗೊತ್ತಿರುವ ಮ್ಯಾಕ್ಸ್ ಮುಲ್ಲರ್. 1823ರಲ್ಲಿ ಹುಟ್ಟಿದ, ಆಕ್ಸ್‌ಫರ್ಡಿನಲ್ಲಿ ನೆಲೆಸಿದ. ಋಗ್ವೇದವನ್ನು ಸಾಯಣಾಚಾರ್ಯರ ಭಾಷ್ಯದ ಸಮೇತ 1849ರಿಂದ 1874ರವರೆಗೆ ಆರು ಸಂಪುಟಗಳಲ್ಲಿ ಅಚ್ಚು ಹಾಕಿಸಿದ. ಸಾಯಣ ಯಾರು? ವಿಜಯನಗರದ ಬುಕ್ಕರಾಯನ ಆಸ್ಥಾನದಲ್ಲಿದ್ದವರು. ಹಂಪೆಯ ಭಾಷ್ಯವನ್ನು ಜಗತ್ತಿಗೆ ಮುಟ್ಟಿಸಿದ ಈ ಮನುಷ್ಯ ಒಂದು ಸಲವೂ ಭಾರತಕ್ಕೆ ಬರಲಿಲ್ಲ. ನನಗೆ ಇಷ್ಟವಾದದ್ದು ಅವನ ಹೆಸರಿನ ಕಥೆ. 'ಮ್ಯಾಕ್ಸ್' ಅನ್ನೋದು ವೇಬರ್ ಬರೆದ ಒಂದು ಅಪೆರಾದ ನಾಯಕನ ಹೆಸರು, ಆತನಿಗೆ ಇಟ್ಟ ಹೆಸರುಗಳಲ್ಲಿ ಒಂದು. ದೊಡ್ಡವನಾದ ಮೇಲೆ, ಬರೀ ಮುಲ್ಲರ್ ಅಂದರೆ ಯಾರಿಗೆ ಗೊತ್ತಾಗುತ್ತೆ, ಎಲ್ಲಿ ನೋಡಿದರೂ ಮುಲ್ಲರ್‌ಗಳೇ ಅಂತ ಅನ್ನಿಸಿ, ಮ್ಯಾಕ್ಸ್ ಮುಲ್ಲರ್ ಎರಡನ್ನೂ ಸೇರಿಸಿ ಸರ್‌ನೇಮ್ ಮಾಡಿಕೊಂಡ. ಮುನ್ನೂರು ವರ್ಷ ಹಿಂದೆ ಹೋಗಿದ್ದರೆ ಮುಲ್ಲರ್ ಅಂತ ಹೇಳಿಕೊಳ್ಳಲು ನಾಚಿಕೆ ಪಡಬೇಕಿತ್ತು. ಇವನ ಕಾಲಕ್ಕೆ ಅದರ ಮೇಲಿದ್ದ ಒಂದೇ ದೂರು, ಬಹಳ ಸಾಮಾನ್ಯ ಅನ್ನೋದು.

ಅದೇ ಶತಮಾನದ ಕೊನೆಗೆ ಒಬ್ಬ ಮುಲ್ಲರ್ ನಮ್ಮ ಕರಾವಳಿಗೇ ಬಂದ. ಅಗಸ್ಟಸ್ ಮುಲ್ಲರ್ ಅನ್ನೋ ಜೆಸ್ವಿಟ್ ಪಾದ್ರಿ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಆಲದ ಮರದ ಕೆಳಗೆ ಕೂತು ಬಡವರಿಗೆ ಹೋಮಿಯೋಪತಿ ಔಷಧಿ ಕೊಡಲು ಶುರು ಮಾಡಿದ ಅಂತ ಅಲ್ಲಿನವರು ಹೇಳುತ್ತಾರೆ. ಮುಂದೆ ಯಾರೂ ಹತ್ತಿರ ಸೇರಿಸದ ಕುಷ್ಠರೋಗಿಗಳಿಗೆ ಜಾಗ ಮಾಡಿಕೊಟ್ಟ. 1910ರಲ್ಲಿ ತೀರಿಕೊಂಡ. ಕಂಕನಾಡಿಯಲ್ಲಿ ಇವತ್ತು ಮುಲ್ಲರ್ ಅನ್ನೋ ಪದಕ್ಕೆ ಅರ್ಥ ಗಿರಣಿ ಅಲ್ಲ, ಆಸ್ಪತ್ರೆ.

ನಮ್ಮೂರಿಗೂ ಒಬ್ಬ ಮುಲ್ಲರ್ ಬಂದಿದ್ದ, ಹೆಸರು ಹೇಳದೆ. ನಾನು ಚಿಕ್ಕವನಿದ್ದಾಗ ಮಣ್ಣಿನ ಗೋಡೆಗಳ ಮೇಲೆ ಬಾಗಿಲ ಪಕ್ಕದಲ್ಲಿ ಏನೋ ಅಂಕಿ, ತಾರೀಕು ಬರೆದಿರುತ್ತಿತ್ತು. ಮಲೇರಿಯಾದವರು ಔಷಧಿ ಹೊಡೆದು ಹೋದ ಗುರುತು. "ಡಿಡಿಟಿ ಹೊಡ್ಯಾಕ ಬಂದಾರ, ಕೊಡಾ ಹೊರಗ ಇಡ್ರಿ" ಅಂತ ಓಣಿ ತುಂಬ ಗದ್ದಲ. ಆ ಡಿಡಿಟಿಗೆ ಕೀಟ ಕೊಲ್ಲುವ ಶಕ್ತಿ ಇದೆ ಅಂತ 1939ರಲ್ಲಿ ಕಂಡುಹಿಡಿದವನು ಬಾಸೆಲ್‌ನ ಗೈಗಿ ಕಂಪನಿಯಲ್ಲಿದ್ದ ಸ್ವಿಸ್ ರಸಾಯನಶಾಸ್ತ್ರಜ್ಞ ಪಾಲ್ ಹರ್ಮನ್ ಮುಲ್ಲರ್. 1948ರಲ್ಲಿ ಅವನಿಗೆ ವೈದ್ಯಕೀಯದ ನೊಬೆಲ್ ಬಂತು. ನಮ್ಮ ದೇಶದಲ್ಲಿ 1953ರಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದಾಗ ಕೈಗೆ ಹಿಡಿದ ಮುಖ್ಯ ಆಯುಧ ಅದೇ. ಎಷ್ಟೋ ಜೀವ ಉಳಿಯಿತು. ಆಮೇಲೆ ಸೊಳ್ಳೆಗಳು ಅದನ್ನು ತಡೆದುಕೊಳ್ಳುವುದು ಕಲಿತವು. 1962ರಲ್ಲಿ ಅಮೆರಿಕದ ರೇಚಲ್ ಕಾರ್ಸನ್ ತನ್ನ ಪುಸ್ತಕದಲ್ಲಿ ಅದು ಹಕ್ಕಿಗಳಿಗೆ, ಮಣ್ಣಿಗೆ, ನೀರಿಗೆ ಏನು ಮಾಡುತ್ತಿದೆ ಅಂತ ಬರೆದಳು. ದೇವರ ಹಾಗಿದ್ದ ಪುಡಿ ದೆವ್ವ ಆಯಿತು. ಒಬ್ಬನೇ ಮುಲ್ಲರ್, ಒಂದೇ ಪುಡಿ, ಎರಡು ಲೆಕ್ಕ.

ನೊಬೆಲ್ ಅಂದಮೇಲೆ ಉಳಿದವರನ್ನೂ ಬೇಗ ಹೇಳಿಬಿಡ್ತೀನಿ. ಎಕ್ಸ್-ರೇ ಬಿದ್ದರೆ ವಂಶವಾಹಿಗಳು ಬದಲಾಗುತ್ತವೆ ಅಂತ ತೋರಿಸಿದ ಅಮೆರಿಕದ ಹರ್ಮನ್ ಜೋಸೆಫ್ ಮುಲ್ಲರ್, 1946. ಜ್ಯೂರಿಕ್ ಹತ್ತಿರದ ಐಬಿಎಂ ಲ್ಯಾಬಿನಲ್ಲಿ ಪಿಂಗಾಣಿಯಂಥ ವಸ್ತುವಿನಲ್ಲಿ ಸೂಪರ್‌ಕಂಡಕ್ಟಿವಿಟಿ ಕಂಡ ಅಲೆಕ್ಸ್ ಮುಲ್ಲರ್, 1987. ಅವನೂ ಅವನ ಜೊತೆಗಾರ ಬೆಡ್ನೋರ್ಜ್ ಕೂಡ ಅದನ್ನು ಕಂಡದ್ದು 1986ರಲ್ಲಿ, ಮರುವರ್ಷವೇ ಬಹುಮಾನ.

ಸಾಹಿತ್ಯದ ನೊಬೆಲ್ ಬಂದದ್ದು 2009ರಲ್ಲಿ, ಹೆರ್ಟಾ ಮುಲ್ಲರ್‌ಗೆ. ಇವಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಹುಟ್ಟಿದ್ದು 1953ರಲ್ಲಿ, ಜರ್ಮನಿಯಲ್ಲಲ್ಲ, ರೊಮೇನಿಯಾದ ಒಂದು ಜರ್ಮನ್ ಮಾತಾಡುವ ಹಳ್ಳಿಯಲ್ಲಿ. ಅಪ್ಪ ಹಿಟ್ಲರನ ಎಸ್‌ಎಸ್ ಪಡೆಯಲ್ಲಿದ್ದವನು, ಯುದ್ಧ ಮುಗಿದ ಮೇಲೆ ಲಾರಿ ಡ್ರೈವರ್. ಜರ್ಮನ್ ಹೆಸರಿನವರು ಅನ್ನೋ ಕಾರಣಕ್ಕೇ ರೊಮೇನಿಯಾದಿಂದ ಸಾವಿರಾರು ಜನರನ್ನು 1945ರಲ್ಲಿ ಸೋವಿಯತ್ ದುಡಿಮೆ ಶಿಬಿರಗಳಿಗೆ ಸಾಗಿಸಿದಾಗ ಇವಳ ಅವ್ವನೂ ಅದರಲ್ಲಿದ್ದಳು. ಐದು ವರ್ಷ. ಮಗಳು ಓದಿ, ಒಂದು ಯಂತ್ರದ ಕಾರ್ಖಾನೆಯಲ್ಲಿ ಅನುವಾದಕಿಯಾಗಿ ಸೇರಿದಳು. ನಮ್ಮ ಮ್ಯಾನುವಲ್ ಬರೆಯುವ ಟೆಕ್ನಿಕಲ್ ರೈಟರ್ ಇದ್ದ ಹಾಗೆ ಅಂದುಕೊಳ್ಳಿ. ಗುಪ್ತ ಪೊಲೀಸರು ಬಂದು ಜೊತೆಯವರ ಮೇಲೆ ಕಣ್ಣಿಟ್ಟು ವರದಿ ಕೊಡು ಅಂದರು. ಆಗಲ್ಲ ಅಂದಳು. ಮೊದಲು ಅವಳ ಆಫೀಸ್ ರೂಮು ಹೋಯಿತು. ಮೆಟ್ಟಿಲ ಮೇಲೆ ಕರವಸ್ತ್ರ ಹಾಸಿ ಅಲ್ಲೇ ಕೂತು ಕೆಲಸ ಮಾಡಿದಳು. ಆಮೇಲೆ ಕೆಲಸವೂ ಹೋಯಿತು. 1987ರಲ್ಲಿ ದೇಶ ಬಿಟ್ಟು ಜರ್ಮನಿಗೆ ಬಂದಳು. ರೊಮೇನಿಯಾದಲ್ಲಿ ಗುರುತು ಹಿಡಿದುಕೊಟ್ಟ ಹೆಸರು ಜರ್ಮನಿಯಲ್ಲಿ ಸಾವಿರದೊಂದನೆಯದ್ದು.

ಇಲ್ಲಿಯವರೆಗೆ ಒಳ್ಳೆಯವರದ್ದೇ ಆಯಿತು. ಈ ಹೆಸರಿನಲ್ಲಿ ಇನ್ನೊಬ್ಬನೂ ಇದ್ದಾನೆ. ಹೈನ್ರಿಚ್ ಮುಲ್ಲರ್, ಮ್ಯೂನಿಕ್‌ನವನು, 1939ರಿಂದ ಗೆಸ್ಟಾಪೋ ಮುಖ್ಯಸ್ಥ. ಯಹೂದಿಗಳನ್ನು ರೈಲು ತುಂಬಿಸಿ ಸಾವಿಗೆ ಕಳಿಸುವ ಏರ್ಪಾಟು ನೋಡುತ್ತಿದ್ದ ಐಕ್‌ಮನ್ ಇವನ ಕೈಕೆಳಗಿನವನು. ಎಸ್‌ಎಸ್‌ನಲ್ಲಿ ಇದೇ ಹೆಸರಿನ ಇನ್ನೊಬ್ಬ ಜನರಲ್ ಇದ್ದದ್ದರಿಂದ ಇವನಿಗೆ 'ಗೆಸ್ಟಾಪೋ ಮುಲ್ಲರ್' ಅಂತ ಹೆಸರು. ನಮ್ಮ ಬಿಲ್ಲಿಂಗ್ ಮುಲ್ಲರ್, ಡೇಟಾಬೇಸ್ ಮುಲ್ಲರ್ ಥರಾನೇ. ಇದನ್ನು ಓದಿದ ದಿನ ಮೈ ಜುಮ್ಮೆಂದಿತು. 1945ರ ಮೇ ತಿಂಗಳ ಮೊದಲಲ್ಲಿ ಬರ್ಲಿನ್ನಿನ ಬಂಕರಿನಲ್ಲಿ ಕಂಡದ್ದೇ ಕೊನೆ, ಆಮೇಲೆ ಅವನು ಸಿಗಲಿಲ್ಲ. 1963ರಲ್ಲಿ ಅವನ ಹೆಸರಿದ್ದ ಸಮಾಧಿ ಅಗೆಸಿದರು, ಮೂಳೆ ಅವನದ್ದಲ್ಲ. ಯುದ್ಧ ಮುಗಿದ ಜರ್ಮನಿಯಲ್ಲಿ ಹೈನ್ರಿಚ್ ಮುಲ್ಲರ್ ಅನ್ನೋ ಹೆಸರು ಹಿಡಿದು ಒಬ್ಬನನ್ನು ಹುಡುಕೋದು ಅಂದರೆ ಹುಲ್ಲಿನ ಬಣವೆಯಲ್ಲಿ ಹುಲ್ಲುಕಡ್ಡಿ ಹುಡುಕಿದ ಹಾಗೆ.

ಅವನು ನಡೆಸಿದ ಆ ವ್ಯವಸ್ಥೆಯ ಇನ್ನೊಂದು ತುದಿಯಲ್ಲೂ ಒಬ್ಬ ಮುಲ್ಲರ್ ಇದ್ದ. ಫಿಲಿಪ್ ಮುಲ್ಲರ್, ಸ್ಲೊವಾಕಿಯಾದ ಯಹೂದಿ. 1942ರಲ್ಲಿ ಇಪ್ಪತ್ತು ವರ್ಷದ ಹುಡುಗನನ್ನು ಆಶ್ವಿಟ್ಜ್‌ಗೆ ತಂದರು. ಕೊಂದವರ ಹೆಣ ಸುಡುವ ಕೆಲಸಕ್ಕೆ ಹಚ್ಚಿದರು. ಆ ಕೆಲಸಕ್ಕೆ ಹಚ್ಚಿದವರನ್ನೂ ಆಗಾಗ ಕೊಂದುಹಾಕುತ್ತಿದ್ದರು. ಇವನು ಹೇಗೋ ಉಳಿದ. 1964ರಲ್ಲಿ ಫ್ರಾಂಕ್‌ಫರ್ಟ್ ಕೋರ್ಟಿನಲ್ಲಿ ನಿಂತು ಕಂಡದ್ದನ್ನು ಹೇಳಿದ, ಪುಸ್ತಕ ಬರೆದ, 2013ರವರೆಗೆ ಬದುಕಿದ. ಒಬ್ಬ ಮುಲ್ಲರ್ ಆಜ್ಞೆ ಕೊಟ್ಟ, ಒಬ್ಬ ಮುಲ್ಲರ್ ಸಾಕ್ಷಿ ಹೇಳಿದ. ಸರ್‌ನೇಮ್ ನೋಡಿ ಯಾರು ಯಾರು ಅಂತ ಹೇಳೋದು ಸಾಧ್ಯವೇ ಇರಲಿಲ್ಲ.

ಸಾಧ್ಯ ಇರಲಿಲ್ಲ ಅನ್ನೋದೇ ನಾಜಿಗಳ ತಲೆನೋವು ಆಗಿತ್ತು. ಜರ್ಮನಿಯ ಯಹೂದಿಗಳಲ್ಲಿ ಅನೇಕರ ಹೆಸರುಗಳು ಪಕ್ಕದ ಮನೆಯವರ ಹೆಸರುಗಳಂತೆಯೇ ಇದ್ದವು. ಅದಕ್ಕೆ 1938ರ ಆಗಸ್ಟಿನಲ್ಲಿ ಒಂದು ಆದೇಶ ತಂದರು. ಯಹೂದಿ ಅಂತ ಹೆಸರಿನಿಂದಲೇ ಗೊತ್ತಾಗದಿದ್ದರೆ ಗಂಡಸರು 'ಇಸ್ರೇಲ್', ಹೆಂಗಸರು 'ಸಾರಾ' ಅಂತ ಇನ್ನೊಂದು ಹೆಸರು ಸೇರಿಸಿಕೊಳ್ಳಬೇಕು, 1939ರ ಜನವರಿ ಒಂದರಿಂದ. ಹೆಸರು ಬಾಯಿ ಬಿಡದಿದ್ದರೆ ಬಾಯಿ ಬಿಡಿಸುವುದು. ಬೇರೆ ಮಾಡಲೇಬೇಕು ಅಂತ ಹೊರಟವರಿಗೆ ಸರ್‌ನೇಮ್ ಇಲ್ಲದಿದ್ದರೆ ಇನ್ನೊಂದು ಸಿಗುತ್ತೆ. ನನಗೆ ಇದನ್ನು ಓದುವಾಗ ನೆನಪಾದದ್ದು ನಮ್ಮ ಜೊತೆಯ ಕೆಲವರು. ಜಾತಿ ಗೊತ್ತಾಗದಿರಲಿ ಅಂತ ಸರ್‌ನೇಮ್ ತೆಗೆದು ಬರೀ ಹೆಸರು ಇಟ್ಟುಕೊಂಡಿದ್ದಾರೆ. ಅವರಿಗೆ ಬರುವ ಪ್ರಶ್ನೆ, "ಊರು ಯಾವುದು? ಮನೆದೇವರು ಯಾವುದು? ನಾನ್‌ವೆಜ್ ತಿಂತೀರಾ?" ಮೂರೇ ಪ್ರಶ್ನೆಗೆ ಜಾತಿ ಹೊರಗೆ.

ಭಾರ ಆಯಿತು, ಸ್ವಲ್ಪ ಫುಟ್‌ಬಾಲ್ ನೋಡೋಣ. ಜರ್ಮನಿಯಲ್ಲಿ ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಮುಲ್ಲರ್ ಅಂದರೆ ಯಾರು ಅಂತ ಕೇಳಿದರೆ ನೊಬೆಲ್‌ನವರ ಹೆಸರು ಬರಲ್ಲ, ಗೆರ್ಡ್ ಮುಲ್ಲರ್ ಹೆಸರು ಬರುತ್ತೆ. 62 ಅಂತಾರಾಷ್ಟ್ರೀಯ ಪಂದ್ಯಕ್ಕೆ 68 ಗೋಲು, ಬುಂಡೆಸ್‌ಲೀಗಾದಲ್ಲಿ 365 ಗೋಲು. 1974ರ ವಿಶ್ವಕಪ್ ಫೈನಲ್‌ನಲ್ಲಿ ಗೆಲುವಿನ ಗೋಲು ಅವನದ್ದೇ. ಫುಟ್‌ಬಾಲಿಗೆ ಬರುವ ಮುಂಚೆ ಆತ ಕಲಿಯಲು ಹೋಗಿದ್ದು ನೇಯ್ಗೆ ಕೆಲಸ. ಗಿರಣಿಯ ಹೆಸರು, ಮಗ್ಗದ ಕೆಲಸ, ಗೋಲಿನ ದುಡ್ಡು. ಇನ್ನು 2010ರ ವಿಶ್ವಕಪ್ ನಾವು ಹುಬ್ಬಳ್ಳಿಯಲ್ಲಿ ಕೊನೇ ಸೆಮಿಸ್ಟರ್ ಮುಗಿಸಿ ರೂಮಿನಲ್ಲಿ ಕೂತು ನೋಡಿದ್ದು. ಅದರಲ್ಲಿ ಥಾಮಸ್ ಮುಲ್ಲರ್ ಅಂತ ನಮ್ಮದೇ ವಯಸ್ಸಿನ ಸಣಕಲು ಹುಡುಗ. ಆ ವರ್ಷದ ಮಾರ್ಚಿನಲ್ಲಿ ಪ್ರೆಸ್‌ಮೀಟ್ ಒಂದರಲ್ಲಿ ಮರಡೋನಾ ಇವನನ್ನು ಬಾಲ್ ಎತ್ತಿಕೊಡುವ ಹುಡುಗ ಅಂದುಕೊಂಡು ಜೊತೆಗೆ ಕೂರಲು ಒಪ್ಪಿರಲಿಲ್ಲ. ಜುಲೈನಲ್ಲಿ ಮರಡೋನಾನ ಟೀಮಿಗೆ ಮೊದಲ ಗೋಲು ಹೊಡೆದವನು ಇದೇ ಹುಡುಗ. ಐದು ಗೋಲು, ಗೋಲ್ಡನ್ ಬೂಟ್. ಜೆರ್ಸಿ ನಂಬರ್ 13, ಗೆರ್ಡ್ ಹಾಕುತ್ತಿದ್ದದ್ದೇ. ನಮ್ಮ ರೂಮಿನಲ್ಲಿ ಎಲ್ಲರೂ ಇವನು ಅವನ ಮೊಮ್ಮಗ ಅಂತಲೇ ವಾದ ಮಾಡಿದ್ದರು. ಸಂಬಂಧವೇ ಇಲ್ಲ. ಇವರಲ್ಲಿ ಬಹಳ ಜನ ಒಬ್ಬರಿಗೊಬ್ಬರು ಏನೂ ಆಗಬೇಕಿಲ್ಲ. ಊರಿಗೊಂದು ಗಿರಣಿ, ಊರಿಗೊಬ್ಬ ಮುಲ್ಲರ್, ಅಷ್ಟೇ.

ಈಗ ನನ್ನ ಪ್ರಶ್ನೆಗೆ ಬರ್ತೀನಿ. ಹೆಸರು ಹಗುರ ಆದದ್ದು ಹೇಗೆ? ನನಗೆ ಕಂಡ ಹಾಗೆ, ಕಾನೂನು ಒಂದಿಷ್ಟು ಮಾಡಿತು. ಮುಲ್ಲರನ ಮನೆಯಲ್ಲಿ ಹುಟ್ಟಿದವನು ಬೂಟು ಹೊಲಿಯಬಹುದು, ಬೂಟು ಹೊಲಿಯುವವನ ಮಗ ಪ್ರೊಫೆಸರ್ ಆಗಬಹುದು ಅನ್ನೋದು ಇನ್ನೊಂದಿಷ್ಟು ಮಾಡಿತು. ಎಲ್ಲಕ್ಕಿಂತ ಹೆಚ್ಚಿಗೆ ಮಾಡಿದ್ದು ಮದುವೆ. ಮುಲ್ಲರ್ ಹುಡುಗ ವೇಬರ್ ಹುಡುಗಿಯನ್ನು, ವೇಬರ್ ಹುಡುಗ ಶ್ಮಿಟ್ ಹುಡುಗಿಯನ್ನು ಮದುವೆಯಾಗಿ ಹತ್ತು ತಲೆಮಾರು ಕಳೆದ ಮೇಲೆ ಆ ಹೆಸರಿನಲ್ಲಿ ಹಿಟ್ಟು ಉಳಿಯಲಿಲ್ಲ. ನಮ್ಮಲ್ಲಿ ಮೊದಲನೆಯದ್ದು ಆಗಿದೆ, ಎರಡನೆಯದ್ದೂ ಆಗ್ತಾ ಇದೆ. ಗಾಣಿಗೇರ ಕೋಡ್ ಬರೀತಾನೆ, ಬಡಿಗೇರ ಟೆಸ್ಟಿಂಗ್ ಮಾಡ್ತಾನೆ, ಕಂಬಾರ ಇಬ್ಬರಿಗೂ ಮ್ಯಾನೇಜರ್. ಆದರೆ ಮ್ಯಾಟ್ರಿಮನಿ ಆ್ಯಪ್ ತೆಗೆದರೆ ಮೂವರೂ ಬೇರೆ ಬೇರೆ ಫಿಲ್ಟರಿನಲ್ಲಿ.

ನನ್ನ ಹೆಂಡತಿ ತುಮಕೂರಿನ ಕಡೆಯವಳು, ಬೇರೆ ಜಾತಿ. ಮದುವೆಗೆ ಎರಡೂ ಮನೆಯವರು ಒಪ್ಪಲು ಎರಡು ವರ್ಷ ಹಿಡಿಯಿತು, ಆ ಕಥೆ ಇನ್ನೊಮ್ಮೆ. ಅವರ ಕಡೆ ಸರ್‌ನೇಮೇ ಇಲ್ಲ, ಎರಡು ಇನಿಶಿಯಲ್. ಕಂಪನಿಯ ಫಾರಮ್ಮಿನಲ್ಲಿ ಸರ್‌ನೇಮ್ ಕಡ್ಡಾಯ ಅಂತ ಅವಳ ಅಪ್ಪನ ಹೆಸರನ್ನೇ ಅಲ್ಲಿ ಬರೆದಿದ್ದಾಳೆ. ಹಾಗಾಗಿ ಜರ್ಮನಿಯಿಂದ ಬರುವ ಮೇಲ್‌ಗಳಲ್ಲಿ ನಮ್ಮ ಮಾವನವರು 'ಶ್ರೀಮತಿ' ಆಗಿದ್ದಾರೆ.

ಮಗಳು ಹುಟ್ಟಿದಾಗ ಬರ್ತ್ ಸರ್ಟಿಫಿಕೇಟಿಗೆ ಹೆಸರು ಕೊಡಬೇಕಿತ್ತು. ಗಾಣಿಗೇರ ಬೇಡ ಅನ್ನೋದು ನನ್ನ ವಾದ. ಟು-ಲೆಟ್ ಬೋರ್ಡು ನೆನಪಿತ್ತು. ಅವಳಿಗೆ ಆ ಪ್ರಶ್ನೆ ಯಾಕೆ, ಬರೀ ಹೆಸರು ಇರಲಿ ಅಂದೆ. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಗಾಣ ಹೋತು. ಎತ್ತು ಹೋದ್ವು. ಈಗ ಹೆಸರೂ ತಗದ ಒಗೀ ಅಂತಿಯೇನು?"

"ಹಂಗಲ್ಲಪಾ. ನಾಳೆ ಅಕಿಗೆ ಯಾರರ ಕೇಳ್ತಾರ, ನೀವು ಯಾರ ಪೈಕಿ ಅಂತ."

"ಕೇಳಲಿ. ನಾವೇನ್ ಕಳವು ಮಾಡೀವೇನು? ಎಣ್ಣಿ ಮಾಡಿ ಕೊಟ್ಟೀವಿ. ಊರಾಗಿನ ದೀಪ ಎಲ್ಲಾ ನಮ್ಮ ಎಣ್ಣಿಲೇ ಹತ್ತತಿದ್ವು."

ಅಪ್ಪ ಹೇಳಿದ್ದು ಹೊಸದಲ್ಲ. ಜರ್ಮನಿಯಲ್ಲಿ ಗಿರಣಿ ಯೋಹಾನ್‌ಗಳು ಹುಟ್ಟುತ್ತಿದ್ದ ಕಾಲಕ್ಕೇ, 12ನೇ ಶತಮಾನದಲ್ಲಿ, ಕಲ್ಯಾಣದಲ್ಲಿ ಶರಣರು ಕಸುಬನ್ನು ಹೆಸರಿನ ಮುಂದೆ ಇಟ್ಟುಕೊಂಡು ಓಡಾಡಿದವರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ, ಗಾಣದ ಕಣ್ಣಪ್ಪ. ಮುಚ್ಚಿಡಲಿಲ್ಲ, ಲ್ಯಾಟಿನ್‌ಗೂ ತಿರುಗಿಸಲಿಲ್ಲ. ಅವರು ನಡೆಸಲು ಹೋದ ಒಂದು ಮದುವೆಗೆ ಕಲ್ಯಾಣದಲ್ಲಿ ಏನಾಯಿತು ಅನ್ನೋದೂ ನಮಗೆ ಗೊತ್ತು.

ನಾನು ಇದನ್ನೆಲ್ಲ ಒಂದು ವಾರ ತಲೆಯಲ್ಲಿ ಹೊತ್ತುಕೊಂಡು ಓಡಾಡಿದೆ. ಮುಲ್ಲರ್ ಅನ್ನೋ ಹೆಸರಿನ ಭಾರ ಇಳಿಸಿದವರು ಅದನ್ನು ಬಿಟ್ಟ ರೆಜಿಯೋಮೊಂಟಾನಸ್ ಥರದವರಲ್ಲ. ಇಟ್ಟುಕೊಂಡೇ ಬೇರೆ ಬೇರೆ ಕೆಲಸ ಮಾಡಿದ, ಬೇರೆ ಬೇರೆ ಮನೆಗಳಿಂದ ಮದುವೆಯಾದ, ಯಾರಿಗೂ ಹೆಸರು ಗೊತ್ತಿಲ್ಲದ ಲಕ್ಷಾಂತರ ಮುಲ್ಲರ್‌ಗಳು. ನನ್ನ ಮಗಳು ಗಾಣಿಗೇರ ಅಂತ ಹೇಳಿಕೊಂಡರೆ ಓನರ್‌ಗಳು ಆ ಹೆಸರಿನಿಂದ ಹಾಕುವ ಲೆಕ್ಕ ಅರ್ಧಕ್ಕರ್ಧ ತಪ್ಪುತ್ತೆ. ಅವಳು ಅಮ್ಮನ ಮನೆಯವಳೂ ಹೌದು. ಇಂಥವರು ಹತ್ತು ಜನ, ಸಾವಿರ ಜನ ಆದರೆ ಆ ಹೆಸರನ್ನು ಕೇಳಿ ಏನೂ ಹೇಳಲಿಕ್ಕೆ ಆಗದ ದಿನ ಬರುತ್ತೆ. ಅದಕ್ಕೆ ನಾನೂರು ವರ್ಷ ಬೇಕಾಗಬಹುದು. ಆಗಲೂ 1938 ಬರಲ್ಲ ಅನ್ನೋ ಗ್ಯಾರಂಟಿ ಯಾರೂ ಕೊಡಲ್ಲ. ಈ ನಡುವೆ ಅವಳಿಗೆ ಎರಡು-ಮೂರು ಮನೆ ತಪ್ಪಲೂಬಹುದು. ಆ ಬೆಲೆ ಕೊಡುವವಳು ನಾನಲ್ಲ, ಅವಳು. ಇದೊಂದು ವಿಷಯ ಇವತ್ತಿಗೂ ನನ್ನನ್ನು ಕಾಡುತ್ತೆ.

ಹೆಂಡತಿಯನ್ನು ಕೇಳಿದೆ. "ಹಾಕ್ಸಿ ಬಿಡಿ. ಒಂದು ಸಲ ತೆಗೆದ್ರೆ ಮತ್ತೆ ಹುಡುಕಿಕೊಂಡು ಹೋಗೋಕಾಗಲ್ಲ. ಇದ್ರೆ, ಬೇಡ ಅನ್ನಿಸಿದಾಗ ಅವಳೇ ತೆಗೀತಾಳೆ" ಅಂದಳು. ಜೊತೆಗೆ ತನ್ನ ಎರಡು ಇನಿಶಿಯಲ್‌ಗಳನ್ನೂ ಸೇರಿಸಬೇಕು ಅಂತ ಷರತ್ತು ಹಾಕಿದಳು. ಸೇರಿಸಿದೆವು. ಪಾಸ್‌ಪೋರ್ಟ್ ಆಫೀಸಿನವರು ಇಷ್ಟುದ್ದ ಹೆಸರಿಗೆ ಕಾಲಮ್ಮಿನಲ್ಲಿ ಜಾಗ ಸಾಲಲ್ಲ ಅಂತ ಸ್ವಲ್ಪ ಗೊಣಗಿದರು, ಆಮೇಲೆ ಬರೆದುಕೊಟ್ಟರು.